ಒಂದು ಬಿಟ್ಟು ಒಂದು

ನನ್ನ ಹೆಸರು ಗುರುಪುತ್ರಪ್ಪ. ಖಾನಾಪುರದ ಒಂದು ಸರಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಇಷ್ಟು ವರ್ಷದ ನೌಕರಿಯಲ್ಲಿ ಯಾರ ಕೈಯಿಂದಲೂ ಒಂದು ಕಪ್ ಚಹಾಕ್ಕಿಂತ ಹೆಚ್ಚಿನದೇನನ್ನೂ ತೆಗೆದುಕೊಂಡವನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿದ ಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ.

ಪ್ರತಿ ವರ್ಷ ಜೂನ್ ಬಂತೆಂದರೆ ನನ್ನ ಕೊರಳಿಗೆ ಒಂದು ಪಟ್ಟಿ ಬೀಳುತ್ತದೆ. ಹತ್ತನೇ ತರಗತಿ ಪಾಸಾಗಿ ಬೆಳಗಾವಿಯ ಕಾಲೇಜು ಸೇರುವ ನಮ್ಮ ತಾಲೂಕಿನ ಹುಡುಗಿಯರಿಗೆ ಅಲ್ಲಿನ ಹಾಸ್ಟೆಲಿನಲ್ಲಿ ನಲವತ್ತು ಸೀಟು. ಈ ವರ್ಷ ಬಂದ ಅರ್ಜಿ ಎಂಬತ್ನಾಲ್ಕು. ಎಲ್ಲರ ವಿವರವನ್ನೂ ಕಂಪ್ಯೂಟರಿನ ಶೀಟಿನಲ್ಲಿ ತುಂಬಿ, ಅಂಕದ ಪ್ರಕಾರ ಮೇಲಿನಿಂದ ಕೆಳಗೆ ಜೋಡಿಸಿ, ಬೆಳಗಾವಿಯ ಜಿಲ್ಲಾ ಕಚೇರಿಗೆ ಕಳಿಸಬೇಕು. ಅವರು ಮೇಲಿನ ನಲವತ್ತು ಹೆಸರು ಆರಿಸಿ ಆದೇಶ ಹೊರಡಿಸುತ್ತಾರೆ. ಕೇಳಲಿಕ್ಕೆ ಇಷ್ಟೇ ಇಷ್ಟು ಕೆಲಸ.

ಆದರೆ ಆ ಶೀಟನ್ನು ನೀವು ನೋಡಬೇಕು. ಹೆಸರು ಎಡತುದಿಯಲ್ಲಿ, ಅಂಕ ಬಲತುದಿಯಲ್ಲಿ. ನಡುವೆ ತಂದೆಯ ಹೆಸರು, ಊರು, ಜಾತಿ, ಆದಾಯ, ಆಧಾರ್, ಬ್ಯಾಂಕು, ಶಾಲೆ ಎಂದು ಇಪ್ಪತ್ತೆರಡು ಕಾಲಂ. ಹೆಸರಿನಿಂದ ಹೊರಟ ನನ್ನ ಕಣ್ಣು ಅಂಕ ಮುಟ್ಟುವಷ್ಟರಲ್ಲಿ ಒಂದು ಸಾಲು ಕೆಳಗಿಳಿದಿರುತ್ತದೆ. ಹೋದ ವರ್ಷ ಹೀಗೇ ಜಾರಿ, ಲೋಂಡಾದ ಒಬ್ಬಳ ಅಂಕವನ್ನು ನಂದಗಡದ ಇನ್ನೊಬ್ಬಳ ಮುಂದೆ ತುಂಬಿದ್ದೆ. ಕಳಿಸುವ ಮೊದಲು ಸಪ್ನಾ ಹಿಡಿದಳು, ಮಾನ ಉಳಿಯಿತು. ಅಂದಿನಿಂದ ನಾನು ಮಾನಿಟರಿನ ಮೇಲೆ ಮರದ ಫುಟ್‌ಪಟ್ಟಿ ಅಡ್ಡ ಹಿಡಿದು ಕೆಲಸ ಮಾಡತೊಡಗಿದೆ. ಶೀಟು ಸರಿದಾಗ ಫುಟ್‌ಪಟ್ಟಿ ಇದ್ದಲ್ಲೇ ಇರುತ್ತಿತ್ತು. ಕಚೇರಿಯವರು ಮುಸಿಮುಸಿ ನಗುತ್ತಿದ್ದರು.

ಸಪ್ನಾ ನಮ್ಮ ಗುತ್ತಿಗೆ ಆಪರೇಟರ್. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ. ನಮ್ಮಲ್ಲಿ ಕಂಪ್ಯೂಟರ್ ಅಂತ ಏನಾದರೂ ನಡೆಯುತ್ತಿದ್ದರೆ ಅದು ಅವಳಿಂದ. ಸಂಬಳ ನನ್ನದರ ನಾಲ್ಕರಲ್ಲಿ ಒಂದು ಪಾಲೂ ಇಲ್ಲ. ಈ ಸಲ ಎಂಬತ್ನಾಲ್ಕು ಹೆಸರನ್ನೂ ಅವಳೇ ತುಂಬಿ, ಅಂಕದ ಪ್ರಕಾರ ಜೋಡಿಸಿಟ್ಟಿದ್ದಳು. ಅರ್ಜಿಯೊಂದಿಗೆ ತಾಳೆ ನೋಡಿ ತಿದ್ದುವುದು ಮಾತ್ರ ನನ್ನ ಕೆಲಸ. ನನ್ನ ಫುಟ್‌ಪಟ್ಟಿಯ ಅವಸ್ಥೆ ನೋಡಿ ಒಂದು ದಿನ ಬಾಜೂಕ್ಕೆ ಬಂದು ನಿಂತಳು.

"ಸರ, ಆ ಪಟ್ಟಿ ಡ್ರಾವರ್‌ನಾಗ ಇಡ್ರಿ. ಇಲ್ಲೆ ನೋಡ್ರಿ, ಹೆಸರಿನ ಕಾಲಂ ಹಿಡದ ನಿಲ್ಲಿಸೀನಿ. ನೀವು ಎಷ್ಟ ಬಲಕ್ಕ ಸರದ್ರೂ ಹೆಸರು ಅಲ್ಲೇ ಇರತೈತಿ. ಮತ್ತ ಈ ಬಟನ್ ಒತ್ತಿದ್ರ ಒಂದ ಸಾಲು ಬಿಳಿ, ಒಂದ ಸಾಲು ತಿಳಿ ಬೂದಿ. ಕಣ್ಣು ಜಾರೂದಿಲ್ಲ. ಕಳಸೂ ಮುಂದ ಮತ್ತೊಮ್ಮಿ ಒತ್ತಿದ್ರ ಬಣ್ಣ ಹೋಗತೈತಿ."

ಒಳ್ಳೆಯ ಉಪಾಯ. ಒಪ್ಪಿಕೊಳ್ಳಬೇಕಿತ್ತು. ಆದರೆ ಆ ತಿಳಿ ಬೂದಿ ನನ್ನ ಕಣ್ಣಿಗೆ ಬಿಳಿಯಂತೆಯೇ ಕಾಣುತ್ತಿತ್ತು. ಅಲ್ಲದೆ ಒಂದು ಗುಂಡಿ ಒತ್ತಿದರೆ ಬಂದು, ಇನ್ನೊಮ್ಮೆ ಒತ್ತಿದರೆ ಹೋಗುವ ವಸ್ತುವಿನ ಮೇಲೆ ನನಗೆ ಭರವಸೆ ಹುಟ್ಟುವುದಿಲ್ಲ. ಮರುದಿನ ಸಪ್ನಾ ತಾಯಿಯನ್ನು ಬೆಳಗಾವಿಯ ಆಸ್ಪತ್ರೆಗೆ ತೋರಿಸಲು ಮೂರು ದಿನ ರಜೆ ಹಾಕಿ ಹೋದಳು. ನಾನು ಬಾಗಿಲ ಕಡೆ ಒಮ್ಮೆ ನೋಡಿ, ಬಣ್ಣದ ಡಬ್ಬಿಯ ಚಿತ್ರ ಹುಡುಕಿ ತೆಗೆದು, ಒಂದು ಬಿಟ್ಟು ಒಂದು ಸಾಲಿಗೆ ನನ್ನ ಕೈಯಾರೆ ಬಣ್ಣ ಬಳಿದೆ. ಎರಡನೆಯದಕ್ಕೆ, ನಾಲ್ಕನೆಯದಕ್ಕೆ, ಆರನೆಯದಕ್ಕೆ, ಹೀಗೆ ಎಂಬತ್ನಾಲ್ಕರವರೆಗೆ ನಲವತ್ತೆರಡು ಸಾಲು. ಅಚ್ಚ ಹಳದಿ. ಅರಿಶಿನದ ಬಣ್ಣ, ಶುಭ, ಮೇಲಾಗಿ ನನಗೆ ಕಾಣುವ ಬಣ್ಣ.

ಎಂಥ ಸುಖ ಅಂತೀರಿ! ಎರಡು ದಿನದಲ್ಲಿ ಎಂಬತ್ನಾಲ್ಕು ಅರ್ಜಿಯನ್ನೂ ತಾಳೆ ನೋಡಿ ಮುಗಿಸಿದೆ. ಆರು ಕಡೆ ತಿದ್ದಿದೆ. ಒಮ್ಮೆಯೂ ಸಾಲು ಜಾರಲಿಲ್ಲ. ಮೂರನೆಯ ದಿನ ಸಪ್ನಾಳ ಲಾಗಿನ್‌ನಿಂದಲೇ ಬೆಳಗಾವಿಗೆ ಕಳಿಸಿಯೂಬಿಟ್ಟೆ. ಬಣ್ಣ ತೆಗೆಯಬಹುದಿತ್ತು, ತೆಗೆಯಲಿಲ್ಲ. ನನಗೆ ಅನುಕೂಲವಾದದ್ದು ಅಲ್ಲಿನ ಸಾಹೇಬರಿಗೂ ಆಗಲಿ, ಖಾನಾಪುರದಲ್ಲೂ ಕೆಲಸ ಬಲ್ಲವನೊಬ್ಬ ಇದ್ದಾನೆಂದು ಅವರಿಗೆ ತಿಳಿಯಲಿ ಎಂದುಕೊಂಡೆ. ಖರೇ ಹೇಳಬೇಕೆಂದರೆ ಹೊಗಳಿಕೆಯ ಒಂದು ಫೋನು ಬರಬಹುದೆಂದು ಕಾದೆ.

ಫೋನು ಬರಲಿಲ್ಲ, ಹತ್ತು ದಿನಕ್ಕೆ ಆದೇಶ ಬಂತು. ಮೊದಲು ನಾನು ಹುಡುಕಿದ್ದು ಸೃಷ್ಟಿಯ ಹೆಸರು. ಸೃಷ್ಟಿ ತೀರಿಹೋದ ನನ್ನ ತಮ್ಮನ ಮಗಳು. ಅವಳ ತಾಯಿ ಸಂಗವ್ವ ಶಾಲೆಯೊಂದರಲ್ಲಿ ಬಿಸಿಯೂಟದ ಅಡಿಗೆ ಮಾಡಿ ಅವಳನ್ನು ಓದಿಸುತ್ತಿದ್ದಾಳೆ. ಹುಡುಗಿಯದು ಮುನ್ನೂರ ಎಂಬತ್ತೆಂಟು ಅಂಕ, ನನ್ನ ಪಟ್ಟಿಯಲ್ಲಿ ಅರವತ್ಮೂರನೆಯವಳು. ಸೀಟು ಸಿಗುವುದಿಲ್ಲ ಎಂದು ಸಂಗವ್ವನಿಗೆ ಮೊದಲೇ ಹೇಳಿಟ್ಟಿದ್ದೆ. ಆದೇಶದಲ್ಲಿ ನೋಡಿದರೆ ಹೆಸರಿದೆ! ಈ ಸಲ ಏನೋ ಬದಲಾಗಿರಬೇಕು, ಮೇಲಿನವರು ಬೇರೆ ಕಡೆ ಸೇರಿಕೊಂಡಿರಬೇಕು ಅಂದುಕೊಂಡೆ. ನಮಗೆ ಒಳ್ಳೆಯದಾದಾಗ ಯಾಕೆ ಆಯಿತು ಎಂದು ಯಾರು ಕೇಳುತ್ತಾರೆ? ಸಂಗವ್ವ ಆ ವಾರವೇ ಹುಡುಗಿಯನ್ನು ಹಾಸ್ಟೆಲಿಗೆ ಬಿಟ್ಟು, ಬರುವಾಗ ಅರ್ಧ ಕಿಲೋ ಕುಂದಾ ತಂದಳು. ನಾನು ಕಚೇರಿಗೆಲ್ಲ ಹಂಚಿದೆ.

ಸಪ್ನಾ ಕುಂದಾ ಬಾಯಿಗೆ ಹಾಕಲಿಲ್ಲ. ಆದೇಶ ಹಿಡಿದು ನಿಂತಿದ್ದಳು.

"ಸರ, ಮಹೇಕ ಎಲ್ಲಿ? ಆರನೂರಾ ಒಂದು ತಗದಾಕಿ? ಎರಡನೇ ನಂಬರ್ ಇದ್ಲಲ್ರಿ ಆಕಿ."

"ಇರತಾಳ, ಸರಿಯಾಗಿ ನೋಡ."

"ಇಲ್ರಿ. ನಾಕನೇದಾಕಿನೂ ಇಲ್ಲ. ಆರನೇದಾಕಿನೂ ಇಲ್ಲ."

ಅವಳು ಕುಳಿತು ನಾನು ಕಳಿಸಿದ ಶೀಟು ತೆರೆದಳು. ಆದೇಶವನ್ನು ಬಾಜೂಕ್ಕೆ ಇಟ್ಟುಕೊಂಡು ಬೆರಳಿಟ್ಟು ಕೆಳಗಿಳಿಯುತ್ತ ಹೋದಳು. ಎಂಟು ಹತ್ತು ಸಾಲು ದಾಟುವಷ್ಟರಲ್ಲಿ ನನಗೂ ಕಾಣತೊಡಗಿತು. ಬಿಳಿ ಸಾಲಿನವರೆಲ್ಲ ಆದೇಶದಲ್ಲಿದ್ದರು. ಹಳದಿ ಸಾಲಿನವರು ಒಬ್ಬರೂ ಇರಲಿಲ್ಲ.

"ಒಂದ ಬಿಟ್ಟ ಒಂದ ತಗೊಂಡಾರ್ರಿ ಸರ," ಅಂದಳು ಸಪ್ನಾ. "ಬಣ್ಣ ತಗದಿದ್ದಿಲ್ಲೇನ್ರಿ ನೀವು?"

ಕುಂದಾ ಬಾಯಲ್ಲಿತ್ತು. ನುಂಗಲಾಗಲಿಲ್ಲ, ಉಗುಳಲೂ ಆಗಲಿಲ್ಲ.

ಮರುದಿನವೇ ಕಲಂದರ ಬಂದರು, ಮಗಳು ಮಹೇಕಳನ್ನು ಕರೆದುಕೊಂಡು. ಜಾಂಬೋಟಿಯ ಬಸ್‌ಸ್ಟ್ಯಾಂಡಿನ ಹತ್ತಿರ ಛತ್ರಿ, ಗ್ಯಾಸ್ ಒಲೆ ರಿಪೇರಿ ಮಾಡುವ ಮನುಷ್ಯ. ಮನೆ ಅಲ್ಲಿಂದ ನಾಲ್ಕು ಕಿಲೋಮೀಟರ್ ಕಾಡಿನೊಳಗೆ. ಮಳೆಗಾಲದಲ್ಲಿ ಹಳ್ಳ ಬಂದರೆ ಎರಡೆರಡು ದಿನ ಊರು ಬಿಟ್ಟು ಹೊರಬೀಳುವಂತಿಲ್ಲ. ಹಾಸ್ಟೆಲ್ ಇಲ್ಲದಿದ್ದರೆ ಆ ಹುಡುಗಿಗೆ ಕಾಲೇಜೂ ಇಲ್ಲ. ಅರ್ಜಿ ಕೊಡುವಾಗ ಕಲಂದರ ಇದನ್ನೆಲ್ಲ ನನಗೆ ಹೇಳಿದ್ದರು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ಕಿನೊಳಗಿಂದ ಎರಡೂ ಕೈಯಲ್ಲಿ ತೆಗೆದು ತೋರಿಸಿದ್ದರು. ಅದನ್ನು ನೋಡಿ ನಾನೇ, "ಆರಾಮ ಇರ್ರಿ, ನಿಮ್ಮ ಹುಡುಗಿ ಹೆಸರು ಅಳಿಸವ್ರು ಯಾರೂ ಇಲ್ಲ," ಎಂದು ಬೆನ್ನು ತಟ್ಟಿ ಕಳಿಸಿದ್ದೆ.

"ಏನೋ ಟೈಪಿಂಗ್ ಮಿಸ್ಟೇಕ್ ಆಗಿರಬೇಕ್ರಿ ಸಾಹೇಬ್ರ," ಅಂದರು ಈಗ. ನನಗೇ ಸಮಾಧಾನ ಹೇಳುವ ದನಿ. "ನೋಡಿ ಹೇಳ್ರಿ. ನಾವು ಕುಂದರತೀವಿ."

ಮಹೇಕ ನೋಟೀಸ್ ಬೋರ್ಡಿನ ಮುಂದೆ ನಿಂತು ನಲವತ್ತೂ ಹೆಸರು ಓದಿ ಬಂದಿದ್ದಳು. ಅವಳ ಶಾಲೆಯಲ್ಲೇ ಓದಿ, ಅವಳಿಗಿಂತ ಇನ್ನೂರು ಅಂಕ ಕಡಿಮೆ ಬಿದ್ದ ಹುಡುಗಿಯ ಹೆಸರು ಅದರಲ್ಲಿತ್ತು. ನನ್ನನ್ನು ಒಮ್ಮೆ ನೋಡಿದಳು ಅಷ್ಟೇ. ನಾಳೆ ನಾನೇ ಬೆಳಗಾವಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಇಬ್ಬರನ್ನೂ ಕಳಿಸಿದೆ. ಆ ಹೊತ್ತಿಗೆ ನನ್ನ ಮನಸ್ಸು ಶುದ್ಧವಾಗಿಯೇ ಇತ್ತು. ತಪ್ಪು ನನ್ನದು, ಒಪ್ಪಿಕೊಂಡು ಸರಿಮಾಡಿಸಿಯೇ ಬರಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಜಿಲ್ಲಾ ಕಚೇರಿಯಲ್ಲಿ ನಮ್ಮ ಪಟ್ಟಿ ನೋಡಿಕೊಳ್ಳುವ ಅಧೀಕ್ಷಕ ಬಸವಪ್ರಸಾದ. ನನಗಿಂತ ಹತ್ತು ವರ್ಷ ಚಿಕ್ಕವರು, ಮರ್ಯಾದೆಯ ಮನುಷ್ಯ. "ಬರ್ರಿ, ಕುಂದರ್ರಿ," ಎಂದು ಚಹಾ ತರಿಸಿದರು. ನಾನು ಬಂದ ವಿಷಯ ಹೇಳಿದೆ. ಅವರು ಕಪ್ ಕೆಳಗಿಟ್ಟರು.

"ಅಲ್ರೀ ಗುರುಪುತ್ರಪ್ನೋರ, ಹಳದಿ ಅಂದ್ರ ತಕರಾರು. ಕಾಗದದ ಕಾಲದಾಗ ತಕರಾರಿದ್ದ ಅರ್ಜಿಗೆ ನಾವು ಹಳದಿ ಚೀಟಿ ಹಚ್ಚತಿದ್ದಿಲ್ಲೇನು? ಈಗ ಚೀಟಿ ಇಲ್ಲ, ಸಾಲಿಗೇ ಬಣ್ಣ. ಜಿಲ್ಲಾದಾಗ ಎಲ್ಲಾ ತಾಲೂಕಿನವರೂ ಹಂಗ ಮಾಡತಾರ. ನೀವು ಹಳದಿ ಹಚ್ಚಿ ಕಳಿಸೀರಿ, ನಾವು ಬಾಜೂ ಇಟ್ಟು ಉಳದ್ರಾಗ ಮ್ಯಾಲಿನ ನಾಲ್ವತ್ತು ತಗೊಂಡ್ವಿ."

ಆ ಹಳದಿ ಚೀಟಿಯನ್ನು ಇಪ್ಪತ್ತು ವರ್ಷ ನಾನೇ ಹಚ್ಚಿದ್ದೇನೆ. ಗೋಂದು ಹಚ್ಚಿ ಹಚ್ಚಿ ಬೆರಳ ತುದಿ ಒರಟಾಗಿತ್ತು. ಕಂಪ್ಯೂಟರಿನಲ್ಲಿ ಅರಿಶಿನ ನೆನಪಾದವನಿಗೆ ಆ ಚೀಟಿ ನೆನಪಾಗಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೆ ಅವರ ಮೇಲೂ ಬಂತು.

"ಎಂಬತ್ನಾಕರಾಗ ನಾಲ್ವತ್ತೆರಡು ತಕರಾರು, ಅದೂ ಒಂದ ಬಿಟ್ಟ ಒಂದ. ನಿಮಗ ಸಂಶಯನೂ ಬರಲಿಲ್ಲೇನ್ರಿ?"

"ಖಾನಾಪುರ ಕಾಡಿನ ಮಂದಿ, ಕಾಗದ ಪತ್ರ ಅರ್ಧಕ್ಕರ್ಧ ಹಂಗ ಇರತಾವ ಅಂದ್ಕೊಂಡ್ವಿ," ಅಂದರು ಬಸವಪ್ರಸಾದ. ಹಾಗೆ ಅಂದುಕೊಂಡದ್ದರಲ್ಲಿ ಅವರಿಗೇನೂ ತಪ್ಪು ಕಂಡಂತಿರಲಿಲ್ಲ.

ಲೆಕ್ಕ ಸರಳವಾಗಿತ್ತು. ಪಟ್ಟಿಯ ಮೇಲಿನ ನಲವತ್ತರಲ್ಲಿ ಹಳದಿ ಬಿದ್ದ ಇಪ್ಪತ್ತು ಹುಡುಗಿಯರು ಹೊರಗುಳಿದಿದ್ದರು. ಅವರ ಜಾಗದಲ್ಲಿ ಕೆಳಗಿನ ಇಪ್ಪತ್ತು ಜನ ಒಳಗೆ ಬಂದಿದ್ದರು. ಸರಿಮಾಡಬೇಕೆಂದರೆ ಒಳಗೆ ಬಂದವರನ್ನು ಹೊರಗೆ ಹಾಕಬೇಕು.

"ಟ್ರಂಕು, ಹಾಸಿಗಿ ತಂದು ಕುಂತಾರ ಆ ಹುಡುಗ್ಯಾರು," ಅಂದರು ಬಸವಪ್ರಸಾದ. "ತಗೀಬೇಕಂದ್ರ ತಗೀಬೌದು. ನೀವೊಂದು ಬರಕೊಡ್ರಿ, 'ನನ್ನ ನಿರ್ಲಕ್ಷ್ಯದಿಂದ ಹಿಂಗಾತು' ಅಂತ. ಮ್ಯಾಲಕ್ಕ ಕಳಸ್ತೀನಿ. ಆದೇಶ ರದ್ದಾಗತೈತಿ, ನಿಮ್ಮ ಮ್ಯಾಲೆ ವಿಚಾರಣಿ ಕುಂದರತೈತಿ. ಬ್ಯಾಡಂದ್ರ ಇನ್ನೊಂದು ಹಾದಿ ಐತಿ. ಆ ನಾಲ್ವತ್ತೆರಡು ಮಂದಿದು ತಕರಾರು ಏನಿತ್ತಂತ ಒಂದೊಂದು ಕಾರಣ ತುಂಬಿ ಕೊಡ್ರಿ, ಫೈಲ್ ಮುಚ್ಚತೈತಿ. ನಾ ಏನೂ ಹೇಳೂದಿಲ್ಲ. ಊಟಾ ಮಾಡಿ ಬರ್ರಿ, ವಿಚಾರ ಮಾಡ್ರಿ."

ಊಟಕ್ಕೆ ಹೋಗಲಿಲ್ಲ. ಆಟೋ ಹಿಡಿದು ಖಾಸಬಾಗದ ಕಡೆ ಇರುವ ಹಾಸ್ಟೆಲಿಗೆ ಹೋದೆ. ಯಾಕೆ ಹೋದೆ ಎಂದು ಈಗ ಕೇಳಿದರೆ ಹೇಳಬಲ್ಲೆ, ಆಗ ಗೊತ್ತಿರಲಿಲ್ಲ. ಹುಡುಗಿಯನ್ನು ಸುಮ್ಮನೆ ನೋಡಿ ಬರುತ್ತೇನೆ ಎಂದುಕೊಂಡಿದ್ದೆ. ಸೃಷ್ಟಿ ಮೆಟ್ಟಿಲು ಇಳಿದು ಓಡಿಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡಿದ್ದಳು.

"ದೊಡ್ಡಪ್ಪಾ, ಇಲ್ಲೆ ನನಗಂತ ಒಂದು ಟೇಬಲ್ ಕೊಟ್ಟಾರ," ಅಂದಳು. "ಲೈಟೂ ಐತಿ. ಅವ್ವಗ ಹೇಳ್ರಿ, ಊಟಾ ಛಲೋ ಐತಿ ಅಂತ."

ಅವಳ ಮನೆಯಲ್ಲಿ ಟೇಬಲ್ ಇಲ್ಲ. ಹತ್ತನೇ ತರಗತಿಯನ್ನು ಹಿಟ್ಟಿನ ಡಬ್ಬದ ಮೇಲೆ ಪುಸ್ತಕ ಇಟ್ಟು ಓದಿದವಳು. ನಾನು ಅವಳ ಕೈಗೆ ಬಿಸ್ಕಿಟ್ ಪುಡಿಕೆ ಕೊಟ್ಟು ಹೊರಬಿದ್ದೆ. ಇವಳ ಟ್ರಂಕನ್ನು ಹೊರಗಿಡಿಸಲು ನನ್ನ ಕೈಯಿಂದಲೇ ಬರೆದುಕೊಡಬೇಕೇ ಎಂದು ಹಾದಿಯುದ್ದಕ್ಕೂ ನನ್ನನ್ನು ನಾನು ಕೇಳಿಕೊಂಡೆ. ಹುಡುಗಿಯ ಸಲುವಾಗಿಯೇ ಹಿಂಜರಿದೆ ಎಂದರೆ ಅರ್ಧ ಸುಳ್ಳು. ವಿಚಾರಣೆ, ಪಿಂಚಣಿಗೆ ತಡೆ, ಬೀಳ್ಕೊಡುಗೆಯ ದಿನ ಸಿಗಬೇಕಾದ ಶಾಲು, ಇವೆಲ್ಲವೂ ಅದೇ ಆಟೋದಲ್ಲಿ ನನ್ನ ಬಾಜೂಕ್ಕೆ ಕುಳಿತಿದ್ದವು.

ಮೂರು ಗಂಟೆಗೆ ಬಸವಪ್ರಸಾದರ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತೆ. ಶೀಟಿನ ಕೊನೆಗೆ 'ಷರಾ' ಎಂದು ಹೊಸದೊಂದು ಕಾಲಂ ಮಾಡಿಕೊಟ್ಟರು. ಆದಾಯ ಪ್ರಮಾಣಪತ್ರ ಲಗತ್ತಿಸಿಲ್ಲ. ಪೋಷಕರ ಸಹಿ ಇಲ್ಲ. ವರ್ಗಾವಣೆ ಪತ್ರ ಅಸ್ಪಷ್ಟ. ಜಾತಿ ಪ್ರಮಾಣಪತ್ರದ ಅವಧಿ ಮುಗಿದಿದೆ. ಒಂದೇ ಕಾರಣ ಪದೇ ಪದೇ ಬಂದರೆ ಸಂಶಯ ಬರುತ್ತದೆಂದು ನಾಲ್ಕನ್ನೂ ಹಿಂದೆ ಮುಂದೆ ಮಾಡಿ ತುಂಬಿದೆ. ಯಾವ ಹುಡುಗಿಯ ಕಾಗದವೂ ಕಡಿಮೆ ಇರಲಿಲ್ಲ, ಎಲ್ಲವನ್ನೂ ನಾನೇ ನೋಡಿ ಟಿಕ್ ಹಾಕಿದವನು. ಮಹೇಕಳ ಮುಂದೆ ಬಿದ್ದದ್ದು ಮೊದಲನೆಯ ಕಾರಣ. ನಲವತ್ತೆರಡು ಸುಳ್ಳನ್ನು ಒಂದೂ ಸಾಲು ಜಾರದಂತೆ ತುಂಬಿ, ಪ್ರಿಂಟ್ ತೆಗೆದು, ಸಹಿ ಮಾಡಿ, ಐದೂವರೆಯ ಬಸ್ಸಿಗೆ ಊರಿಗೆ ಬಂದೆ.

ಮರುದಿನ ಸಪ್ನಾ ಬಾಗಿಲಲ್ಲೇ ಕೇಳಿದಳು.

"ಏನಾತ್ರಿ ಸರ? ತಿದ್ದತಾರಂತ?"

"ಪಟ್ಟಿ ಸರಿ ಐತಿ ಅಂತ. ತಕರಾರು ಇದ್ದವಂತ."

"ಏನ ತಕರಾರ್ರಿ? ಎಲ್ಲಾ ನಾನ ಸ್ಕ್ಯಾನ್ ಮಾಡೀನಿ. ಒಂದ ಕಾಗದಾನೂ ಕಮ್ಮಿ ಇದ್ದಿಲ್ಲ. ನಾ ಹೋಗಿ ಹೇಳ್ತೀನ್ರಿ ಬೇಕಾದ್ರ."

ಆಗ ನಾನು ಆಡಿದ ಮಾತನ್ನು ಇಲ್ಲಿ ಬಿಟ್ಟುಬಿಡಬಹುದಿತ್ತು. ಬಿಡುವುದಿಲ್ಲ.

"ಫೈಲ್ ಹೋಗಿದ್ದು ನಿನ್ನ ಲಾಗಿನ್‌ನಿಂದ," ಅಂದೆ. "ಆಗಸ್ಟಿಗೆ ನಿನ್ನ ಗುತ್ತಿಗಿ ಮುಗಿತೈತಿ. ನವೀಕರಣಕ್ಕ ಬರ್ಯಾಂವ ನಾನ."

ಸಪ್ನಾ "ಹೂಂರಿ" ಎಂದು ತನ್ನ ಜಾಗಕ್ಕೆ ಹೋಗಿ ಕುಳಿತಳು. ಅವಳ ತಾಯಿಯ ಔಷಧಕ್ಕೆ ತಿಂಗಳಿಗೆ ಎಷ್ಟು ಬೇಕೆಂದು ನನಗೆ ಗೊತ್ತಿತ್ತು, ರಜೆ ಅರ್ಜಿ ಬರೆಸುವಾಗ ಅವಳೇ ಹೇಳಿದ್ದಳು. ಅಂದಿನಿಂದ ಅವಳು ನನ್ನ ಕಂಪ್ಯೂಟರಿನ ಹತ್ತಿರ ಬಂದಿಲ್ಲ.

ಮಧ್ಯಾಹ್ನ ಕಲಂದರ ಬಂದರು. ಹಳ್ಳ ಏರಿದ್ದರಿಂದ ಮಗಳನ್ನು ಕರೆತಂದಿರಲಿಲ್ಲ.

"ಏನ ಕಮ್ಮಿ ಬಿತ್ರಿ ಸಾಹೇಬ್ರ?"

"ಆದಾಯ ಪ್ರಮಾಣಪತ್ರ ಇದ್ದಿದ್ದಿಲ್ಲಂತ," ಅಂದೆ. ಅವರ ಮುಖ ನೋಡದೆ ಹೇಳಿದೆ.

ಬೈಯುತ್ತಾರೆ, ಕೊಟ್ಟಿದ್ದೆನಲ್ಲ ಎಂದು ಮೇಜು ಬಡಿಯುತ್ತಾರೆ ಎಂದು ತಯಾರಾಗಿ ಕುಳಿತಿದ್ದೆ. ಬಡಿದಿದ್ದರೆ ನನಗೆ ಒಳ್ಳೆಯದಿತ್ತು. ಆದರೆ ಆ ಮನುಷ್ಯನ ಮುಖ ಅರಳಿತು.

"ಅಷ್ಟ ಏನ್ರಿ? ಬರೇ ಒಂದು ಕಾಗದಾ?" ಅಂದರು. "ನಾ ಏನೇನೋ ತಿಳ್ಕೊಂಡಿದ್ದೆ. ನಮ್ಮ ಹೆಸರು ನೋಡಿ ಬಿಟ್ಟಾರೇನೋ ಅಂತ ಮನಿಯಾಗ ಮಹೇಕನ ಅವ್ವ ಮುನವ್ವರಾ ಅಳಾಕತ್ತಿದ್ಲು. ಹಂಗೇನಿಲ್ಲ, ಗುರುಪುತ್ರಪ್ಪ ಸಾಹೇಬ್ರು ಅದಾರ ಅಂತ ನಾನ ಆಕಿಗೆ ಬೈದ್ನಿ. ಕೊಟ್ಟೇನಿ ಅಂತ ನನಗ ನೆನಪಿತ್ರಿ. ಓದಲಾರದ ಮನಶ್ಯಾ, ಎಲ್ಲೋ ಬೀಳಿಸಿರಬೇಕು. ನಂದ ತಪ್ಪು. ತರತೀನ್ರಿ."

ಎಲ್ಲೂ ಬೀಳಿಸಿರಲಿಲ್ಲ. ಅದು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ, ಮಹೇಕಳ ಅರ್ಜಿಗೆ ಪಿನ್ ಹಾಕಿ ಇತ್ತು. ಅದರ ಮೂಲೆಯಲ್ಲಿ 'ಪರಿಶೀಲಿಸಿದೆ' ಎಂಬ ನನ್ನ ಸಹಿಯೂ ಇತ್ತು. ಕೈ ಹಿಂದೆ ಚಾಚಿದರೆ ಸಿಗುತ್ತಿತ್ತು. ನಾನು ಕೈ ಚಾಚಲಿಲ್ಲ. ಸೀಟು ತುಂಬಿ ಹೋಗಿವೆ, ಕಾಗದ ತಂದರೂ ಉಪಯೋಗವಿಲ್ಲ ಎಂದಾದರೂ ಹೇಳಬೇಕಿತ್ತು. ಕಚೇರಿಯವರೆಲ್ಲ ಕೇಳಿಸಿಕೊಳ್ಳುತ್ತಿದ್ದರು, ಸಪ್ನಾಳೂ ಕೇಳಿಸಿಕೊಳ್ಳುತ್ತಿದ್ದಳು. "ತರ್ರಿ, ನೋಡೂಣು," ಅಂದುಬಿಟ್ಟೆ.

ಛತ್ರಿ ರಿಪೇರಿಯವನಿಗೆ ವರ್ಷದ ಅನ್ನ ಸಿಗುವುದು ಈ ಎರಡು ತಿಂಗಳ ಮಳೆಯಲ್ಲಿ. ಅಂಥ ಮಳೆಯಲ್ಲಿ ಕಲಂದರ ಒಂಬತ್ತು ದಿನ ಅಂಗಡಿ ಮುಚ್ಚಿದರು. ಗ್ರಾಮ ಲೆಕ್ಕಿಗರು ಸಿಕ್ಕಿದ ದಿನ ಸರ್ವರ್ ಇರಲಿಲ್ಲ, ಸರ್ವರ್ ಬಂದ ದಿನ ಲೆಕ್ಕಿಗರು ಹಳ್ಳ ನೋಡಲು ಹೋಗಿದ್ದರು. ಇದನ್ನೆಲ್ಲ ಆಮೇಲೆ ಅವರೇ ನಗುತ್ತ ಹೇಳಿದರು. ಹತ್ತನೆಯ ದಿನ ಅಂಗಿಯ ಗುಂಡಿ ಬಿಚ್ಚಿ, ಎದೆಗೆ ಒತ್ತಿಕೊಂಡಿದ್ದ ಪ್ಲಾಸ್ಟಿಕ್ ಚೀಲದಿಂದ ಹೊಸ ಆದಾಯ ಪ್ರಮಾಣಪತ್ರ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮನುಷ್ಯ ತಲೆಯಿಂದ ಕಾಲಿನವರೆಗೆ ತೊಯ್ದಿದ್ದರು, ಕಾಗದಕ್ಕೆ ಒಂದು ಹನಿ ತಾಗಿರಲಿಲ್ಲ.

"ಈಗ ಎಲ್ಲಾ ಆತಲ್ರಿ ಸಾಹೇಬ್ರ?"

ನಾನು ಅದನ್ನು ತೆಗೆದುಕೊಂಡೆ. ಮೂಲೆಯಲ್ಲಿ ಸಹಿ ಮಾಡಿ, ದಿನಾಂಕ ಹಾಕಿ, ಸ್ವೀಕೃತಿಯ ಠಸ್ಸೆ ಒತ್ತಿದೆ. ಸಪ್ನಾ ತನ್ನ ಜಾಗದಿಂದ ಎದ್ದು ಹೊರಗೆ ಹೋದಳು.

"ಹಂಗಾರ ಟ್ರಂಕ್ ತುಂಬಕೋ ಅಂತ ಮಹೇಕಗ ಹೇಳ್ಲೇನ್ರಿ?" ಅಂದರು ಕಲಂದರ. "ದಿನಾ ಕೇಳತಾಳ್ರಿ."

ಹಾಸ್ಟೆಲಿನಲ್ಲಿ ಒಂದು ಮಂಚವೂ ಖಾಲಿ ಇರಲಿಲ್ಲ. ಅದನ್ನು ಈಗಲಾದರೂ ಹೇಳೋಣವೆಂದು ಬಾಯಿ ತೆರೆದೆ.

"ಹೇಳ್ರಿ," ಅಂದೆ.

ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ಜಾಂಬೋಟಿಯ ಬಸ್ಸು ತಪ್ಪೀತೆಂದು ಮಳೆಯಲ್ಲೇ ಓಡಿದರು.